ಯಾವ ದುರ್ಗ ಅಂತ ಕೇಳಬಾರದು

ಮರಳೂರಿನ ಕದರಮ್ಮನಿಗೆ ಬೆಟ್ಟದ ಹುಚ್ಚು ಹಿಡಿದದ್ದು ಅರವತ್ತು ಹತ್ತಿರವಾದ ಮೇಲೆ. ಬೇರೆಯವರಿಗೆ ಆ ವಯಸ್ಸಿನಲ್ಲಿ ಮಂಡಿನೋವು ಹಿಡಿಯುತ್ತದೆ. ಕದರಮ್ಮನಿಗೆ ಅದೂ ಹಿಡಿದಿತ್ತು. ಎರಡೂ ಒಟ್ಟಿಗೇ ಬಂದದ್ದರಿಂದ ಯಾವುದರ ಮಾತು ಕೇಳುವುದು ಎಂದು ಸ್ವಲ್ಪ ದಿನ ಯೋಚಿಸಿ, ಕೊನೆಗೆ ಬೆಟ್ಟದ ಮಾತನ್ನೇ ಕೇಳಿದಳು.

ಅದಕ್ಕೆ ಕಾರಣವಿತ್ತು. ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಆಯಾ ಆಗಿ ಆಕೆ ಅರ್ಧ ಆಯುಷ್ಯ ಕಳೆದವಳು. ವರ್ಷ ವರ್ಷವೂ ಡಿಸೆಂಬರಿನಲ್ಲಿ ಶಾಲೆಯಿಂದ ಟೂರ್ ಹೊರಡುತ್ತಿತ್ತು. ಹಿಂದಿನ ದಿನವೇ ಪುಳಿಯೋಗರೆ ಗೊಜ್ಜು ಕುದಿಸುವವಳು ಕದರಮ್ಮ. ಬೆಳಗ್ಗೆ ಮಕ್ಕಳ ಮೂಗು ಒರೆಸಿ, ವಾಂತಿ ಬಂದರೆ ಇರಲಿ ಎಂದು ಕೈಗೊಂದು ಕವರು ಕೊಟ್ಟು, ಬಸ್ಸು ಹತ್ತಿಸಿ ಟಾಟಾ ಮಾಡುವವಳು ಕದರಮ್ಮ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗೇಟು ಎಳೆದುಕೊಂಡು ಖಾಲಿ ಶಾಲೆ ಕಾಯುವವಳೂ ಅವಳೇ. ಮರುದಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳುತ್ತಿದ್ದಳು.

"ದುರ್ಗದ ಕೋಟೆ ಹೆಂಗಿತ್ತಪ್ಪ?"

"ಏಳು ಸುತ್ತು ಆಯಾ. ಸುತ್ತಿ ಸುತ್ತಿ ನಂಗೆ ತಲೆ ಸುತ್ತು ಬಂತು."

"ಒಂದು ಕಿಂಡಿ ಇದೆ ಆಯಾ, ಅದ್ರಲ್ಲಿ ನಾನು ತೂರ್ಕೊಂಡು ಬಂದೆ. ಇವನು ಸಿಗಾಕ್ಕೊಂಡ."

ಹೀಗೆ ಮಕ್ಕಳ ಬಾಯಿಂದ ಬಿದ್ದ ಚೂರುಗಳನ್ನೇ ಜೋಡಿಸಿ ಜೋಡಿಸಿ ಕದರಮ್ಮ ತಲೆಯೊಳಗೆ ಒಂದು ದುರ್ಗ ಕಟ್ಟಿಕೊಂಡಿದ್ದಳು. ಹುಟ್ಟಿದ್ದು ಸಿರಾ ಕಡೆಯ ಹಳ್ಳಿಯಲ್ಲಾದ್ದರಿಂದ ಅವಳಿಗೆ ದುರ್ಗವೆಂದರೆ ಚಿತ್ರದುರ್ಗ. ಅದಕ್ಕೆ ಹಿಂದೆ 'ಚಿತ್ರ' ಸೇರಿಸಬೇಕೆಂದು ಆ ಸೀಮೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಅವಳು ಅದನ್ನು ಒಂದು ದಿನವೂ ಕಣ್ಣಿಂದ ನೋಡಿರಲಿಲ್ಲ ಎನ್ನುವುದು ಬೇರೆ ಮಾತು.

ಶಾಲೆಯ ಕೆಲಸ ಬಿಟ್ಟ ಮರುವರ್ಷವೇ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಎಂದಾಯಿತು. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಟಿಕೆಟ್ಟು. ಕದರಮ್ಮ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡಳು. ಗಂಡ ಓಬಳಯ್ಯ ಟೈಲರ್ ಅಂಗಡಿ ಮುಚ್ಚಿದ ಮೇಲೆ ಜಗಲಿಯ ಕುರ್ಚಿ ಬಿಟ್ಟು ಏಳದ ಮನುಷ್ಯ. "ದೂರದ ಬೆಟ್ಟ ನುಣ್ಣಗೆ ಕಣೆ. ಇಲ್ಲೇ ಕೂತು ನೋಡು, ನುಣ್ಣಗಿರ್ತದೆ. ಹತ್ರ ಹೋಗಿ ಯಾಕೆ ಒರಟು ಮಾಡ್ಕೊಂತೀಯ?" ಎಂದು ಗಾದೆಯನ್ನೇ ತನ್ನ ಸೋಮಾರಿತನಕ್ಕೆ ಹೊಲಿದುಕೊಂಡಿದ್ದ. ಅವನನ್ನು ಜಗಲಿಗೇ ಬಿಟ್ಟು ಕದರಮ್ಮ ಹೊರಟಳು.

ಗಂಗಕ್ಕ ಸಿಕ್ಕಿದ್ದು ಕುಣಿಗಲ್ಲಿನಿಂದ ಬರುವ ಬಸ್ಸಿನಲ್ಲಿ. ಕದರಮ್ಮ ಅಲ್ಲಿಯ ದೊಡ್ಡಕೆರೆಯ ಏರಿಯ ಮೇಲೆ ನಡೆದಾಡಿ, ಕಣ್ಣು ತುಂಬ ನೀರು ನೋಡಿಕೊಂಡು, ವಾಪಸು ಬರಲು ಕಿಟಕಿ ಪಕ್ಕ ಕೂತಿದ್ದಳು. ಅಮೃತೂರಿನ ಪುಟ್ಟಗಂಗಮ್ಮ ಮಗಳ ಮನೆಗೆಂದು ತುಮಕೂರಿಗೆ ಹೊರಟವಳು, ಗೊನೆಯಂಥ ಬ್ಯಾಗು ಹೊತ್ತು ಬಂದು ಎದುರಿಗೆ ನಿಂತಳು.

"ಕಿಟಕಿ ಸೀಟು ನಂಗ್ ಬುಟ್ಕೊಡವ್ವ. ಇಲ್ದಿದ್ರೆ ನಂಗೆ ವಾಂತಿ ಆಯ್ತದೆ."

ಕದರಮ್ಮ ಇಂಥ ಮಾತಿಗೆ ಮೂವತ್ತು ವರ್ಷದಿಂದ ಪಳಗಿದವಳು. ಚೀಲದಿಂದ ಒಂದು ಕವರು ತೆಗೆದು ಅವಳ ಕೈಗಿಟ್ಟಳು. "ತಗಳಿ. ಕಿಟಕಿ ನಂದೇ."

ಪುಟ್ಟಗಂಗಮ್ಮ ಕವರನ್ನೊಮ್ಮೆ, ಕದರಮ್ಮನನ್ನೊಮ್ಮೆ ನೋಡಿದಳು. ಆಮೇಲೆ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕಳು. ತುಮಕೂರು ಬರುವಷ್ಟರಲ್ಲಿ ಕವರಿನಲ್ಲಿ ಕೊಬ್ಬರಿ ಬೆಲ್ಲ ತುಂಬಿತ್ತು, ಒಬ್ಬರ ನಂಬರು ಇನ್ನೊಬ್ಬರ ಫೋನಿನಲ್ಲಿತ್ತು. ಎರಡು ವಾರದಲ್ಲಿ 'ನೀವು' ಹೋಗಿ 'ನೀನು' ಬಂತು. ಒಂದು ವರ್ಷ ದೊಡ್ಡವಳಾದ್ದರಿಂದ ಆಕೆ ಗಂಗಕ್ಕನಾದಳು, ಈಕೆ ಕದರವ್ವನಾದಳು.

ಇಬ್ಬರೂ ಸುತ್ತಿದ್ದೇ ಸುತ್ತಿದ್ದು. ಗುಬ್ಬಿಗೆ ಹೋದಾಗ, ಊರಿಗೇ ಗುಬ್ಬಿ ಅಂತ ಹೆಸರಿರುವಾಗ ಒಂದು ಗುಬ್ಬಿಯಾದರೂ ಕಾಣದೆ ಹೋಗುವುದುಂಟೇ ಎಂದು ಚನ್ನಬಸವೇಶ್ವರನ ಗುಡಿಯ ಗೋಪುರದಿಂದ ಹಳೆಯ ಪೇಟೆಯ ಸೂರುಗಳವರೆಗೆ ಕತ್ತು ನೋಯುವಷ್ಟು ಹುಡುಕಿದರು. ಪಾರಿವಾಳ ಕಂಡವು, ಕಾಗೆ ಕಂಡವು. ಸೋತು ಬಸ್ ಸ್ಟಾಂಡಿನ ಹತ್ತಿರ ತಟ್ಟೆ ಇಡ್ಲಿ ತಿನ್ನಲು ಕೂತರೆ ಹೋಟೆಲಿನ ಬೋರ್ಡಿನ ಹಿಂದಿನಿಂದ ಒಂದು ಜೋಡಿ ಹೊರಬಂದು ಚಟ್ನಿ ಬಕೆಟ್ಟಿನ ಮೇಲೆ ಕೂತವು. ಗಂಗಕ್ಕ ಅವಕ್ಕೇ ಕೈಮುಗಿದಳು. ಕೈದಾಳದ ಗುಡಿಯಲ್ಲಿ ಪೂಜಾರಿ ದೀಪ ಎತ್ತಿ ಹಿಡಿದಾಗ ಚನ್ನಕೇಶವನ ಮುಖ ನೋಡಿ ಇಬ್ಬರೂ ಮಾತು ನಿಲ್ಲಿಸಿದರು. ಅದೊಂದು ದಾಖಲೆ. ಬಸ್ತಿ ಬೆಟ್ಟದ ಮೇಲಿಂದ ಮೈದಾಳ ಕೆರೆ ನೋಡುವಾಗ ಮಾತ್ರ ಸಣ್ಣ ಜಗಳವಾಯಿತು. ಗಂಗಕ್ಕನದು ಮೊದಲು ದೇವರು, ಆಮೇಲೆ ನೋಟ. ಕದರಮ್ಮನದು ಮೊದಲು ನೋಟ. ದೇವರೆಲ್ಲಿಗೆ ಹೋಗುತ್ತಾನೆ, ಬಿಸಿಲು ಏರಿದರೆ ನೋಟ ಮಸುಕಾಗುತ್ತದೆ. ಇಂಥ ಜಗಳ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಬಸ್ಸು ಹತ್ತುವಷ್ಟರಲ್ಲಿ ಮುಗಿಯುತ್ತಿತ್ತು.

ಮುಗಿಯದ ಜಗಳ ಆದದ್ದು ದೇವರಾಯನದುರ್ಗದಲ್ಲಿ.

ಮೇಲಿನ ನರಸಿಂಹನ ಗುಡಿಯ ಹತ್ತಿರ ನಿಂತು ಕದರಮ್ಮ ಸುತ್ತಲಿನ ಕಾಡು, ಬಂಡೆ, ದೂರದ ಊರುಗಳನ್ನು ನೋಡಿ "ಆಹಾ, ಏನ್ ನೋಟ ಗಂಗಕ್ಕ!" ಎಂದಳು. ಮಂಡಿ ಒತ್ತಿಕೊಳ್ಳುತ್ತ ಕೂತಿದ್ದ ಗಂಗಕ್ಕ, "ಇದೇನ್ ಬುಡು, ನಮ್ ದುರ್ಗದ ಮುಂದೆ," ಎಂದಳು.

"ನಿಮ್ ದುರ್ಗ ಯಾವ್ದೇ?"

"ದುರ್ಗ ಕಣವ್ವ. ನಮ್ಮೂರಿಂದ ಬಸ್ಸಲ್ಲಿ ಒಂದು ಗಳಿಗೆ."

ಹುಲಿಯೂರುದುರ್ಗ ಎಂದು ಕದರಮ್ಮನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕುಣಿಗಲ್ ಸೀಮೆಯವರಿಗೂ 'ದುರ್ಗ' ಎಂದರೆ ಒಂದೇ, ಅದಕ್ಕೆ ಹಿಂದೆ 'ಹುಲಿಯೂರು' ಸೇರಿಸಬೇಕೆಂದು ಅಲ್ಲಿಯೂ ಯಾರಿಗೂ ಅನ್ನಿಸುವುದಿಲ್ಲ. ಹೊಳೆದಾಗ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಕದರಮ್ಮನ ಜಾಯಮಾನದಲ್ಲಿಲ್ಲ.

"ಅದನ್ನ ದುರ್ಗ ಅಂತಾರೇನೇ? ದುರ್ಗ ಅಂದ್ರೆ ನಮ್ ದುರ್ಗ. ಏಳು ಸುತ್ತಿನ ಕೋಟೆ. ನಿಮ್ದು ಒಂದು ಗುಂಡುಕಲ್ಲು."

"ಏನಂದೆ?"

"ಗುಂಡುಕಲ್ಲು ಅಂದೆ."

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹೋಯಿತು. ಗಂಗಕ್ಕನ ಮುಖ ಸುಟ್ಟ ಬದನೆಕಾಯಿಯಾಯಿತು. "ನಿನ್ ದುರ್ಗ ನೀನೇ ಕಟ್ಕೊ," ಎಂದು ಎದ್ದು ಹೋದಳು. ಇಳಿಯುವಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಬಸ್ಸಿನಲ್ಲಿ ಒಬ್ಬಳು ಡ್ರೈವರ್ ಹಿಂದೆ, ಒಬ್ಬಳು ಕೊನೆಯ ಸೀಟಿನಲ್ಲಿ. ಆ ದಿನ ಇಬ್ಬರಿಗೂ ಕಿಟಕಿ ಸಿಕ್ಕಿತ್ತು. ಇಬ್ಬರೂ ಹೊರಗೆ ನೋಡಲಿಲ್ಲ.

ಮಳೆಗಾಲ ಪೂರ್ತಿ ಫೋನಿಲ್ಲ. ಕದರಮ್ಮ ಜಂಬಕ್ಕೆ ಒಬ್ಬಳೇ ಸಿದ್ಧರಬೆಟ್ಟಕ್ಕೆ ಹೋದಳು. ಮೋಡ ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡಿತ್ತು, ನೋಡುವಂಥದ್ದೇ. "ಅಗೋ ನೋಡು!" ಎಂದು ಪಕ್ಕಕ್ಕೆ ತಿರುಗಿದರೆ ಯಾರೋ ಒಬ್ಬ ಗಡ್ಡದವನು ಸೆಲ್ಫಿ ತೆಗೆಯುತ್ತಿದ್ದ. ತಾನು ಅಡ್ಡ ನಿಂತೆನೇನೋ ಎಂದು ಅವನು ಸಾರಿ ಹೇಳಿ ಸರಿದುಕೊಂಡ. ಕದರಮ್ಮನಿಗೆ ಅಳುವೇ ಬಂತು. ಊರು ಸುತ್ತಲು ಕಾಲಿದ್ದರೆ ಸಾಕು ಎಂದುಕೊಂಡಿದ್ದಳು. ಅಗೋ ಎಂದಾಗ ಎಲ್ಲಿ ಎನ್ನುವವರು ಒಬ್ಬರು ಬೇಕು ಎಂದು ಗೊತ್ತಾದದ್ದು ಅವತ್ತು. ಈ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರುವುದು?

"ಫೋನ್ ಮಾಡು, ಅದಕ್ಕೇನೀಗ?" ಎಂದ ಓಬಳಯ್ಯ.

"ಅವಳೇ ಮಾಡ್ಲಿ."

"ಗುಂಡುಕಲ್ಲು ಅಂದಿದ್ದು ನೀನು. ಅವಳ್ಯಾಕೆ ಮಾಡ್ಬೇಕು?"

ನ್ಯಾಯ ಹೇಳುವ ಗಂಡನನ್ನು ಯಾವ ಹೆಂಡತಿ ತಾನೇ ಸಹಿಸಿಯಾಳು? ಅವತ್ತು ಓಬಳಯ್ಯನ ಸಾರಿನಲ್ಲಿ ಉಪ್ಪಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಫೋನು ತಾನಾಗಿ ಬಂತು.

"ಕದರವ್ವ."

"ಗಂಗಕ್ಕ."

ಆ ಕಡೆ ತೆಂಗಿನ ಗರಿ ಎಳೆಯುವ ಸದ್ದು ಕೇಳುತ್ತಿತ್ತು.

"ಭಾನ್ವಾರ ದುರ್ಗಕ್ಕೆ ಹೋಗನಾ?"

"ಹೂಂ. ಹೋಗಣ."

"ಕೋಟೆ ಬಾಗ್ಲಾಗೆ ಸಿಗ್ತೀನಿ. ಊಟದ ಹೊತ್ಗೆ."

"ಆಯ್ತು. ಪುಳಿಯೋಗರೆ ತರ್ತೀನಿ."

ಗಂಗಕ್ಕ ಫೋನ್ ಇಟ್ಟುಬಿಟ್ಟಳು. ಯಾವ ದುರ್ಗ ಎಂದು ಕದರಮ್ಮ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಕೇಳಿದರೆ ಜಗಳ ಮತ್ತೆ ಅ ಆ ಇ ಈಯಿಂದ ಶುರು. ಮೂರು ದಿನ ಅವಳು ಅದನ್ನೇ ಅಳೆದು ಸುರಿದಳು. ಗಂಗಕ್ಕ ತಾನಾಗಿ ಫೋನ್ ಮಾಡಿದಳು. ಅಂದರೆ ಒಂದು ಹೆಜ್ಜೆ ಅವಳು ಬಗ್ಗಿದಳು. ಇನ್ನೊಂದು ಹೆಜ್ಜೆ ನಾನು ಬಗ್ಗಬೇಡವೇ? ಅವಳ ಬಾಯಲ್ಲಿ ದುರ್ಗ ಎಂದರೆ ಅವಳ ದುರ್ಗವೇ. ಅಲ್ಲಿಗೇ ಹೋಗುವುದು, ಗುಂಡುಕಲ್ಲೋ ಬೆಣಚುಕಲ್ಲೋ, ಬಾಯಿ ಮುಚ್ಚಿಕೊಂಡು ನೋಡಿ ಚೆನ್ನಾಗಿದೆ ಎನ್ನುವುದು. ಈ ಸಲವೂ ತಪ್ಪಿದರೆ ಗಂಗಕ್ಕ ಇನ್ನು ಸಿಗುವುದಿಲ್ಲ.

ಭಾನುವಾರ ಬೆಳಗ್ಗೆ ತುಮಕೂರು ಬಸ್ ಸ್ಟಾಂಡಿನಲ್ಲಿ ಕಂಡಕ್ಟರೊಬ್ಬನನ್ನು ಕೇಳಿದಳು. "ದುರ್ಗಕ್ಕೆ ಯಾವ ಬಸ್ಸಪ್ಪ?"

"ದುರ್ಗದ್ದು ಈಗ್ತಾನೆ ಹೋಯ್ತಲ್ಲಮ್ಮ, ಸಿರಾ ಹಿರಿಯೂರು ಮೇಲೆ. ಇನ್ನೊಂದು ಬರ್ತದೆ, ನಿಂತ್ಕಳಿ."

"ಆ ದುರ್ಗ ಅಲ್ಲಪ್ಪ," ಎಂದಳು ಕದರಮ್ಮ. ನಾಲಿಗೆಗೆ ಹಾಗಲಕಾಯಿ ತಗುಲಿದಂತಾಯಿತು. "ಕುಣಿಗಲ್ ಕಡೆ ದುರ್ಗ."

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸುವಾಗ ಈ ತೊಂದರೆಯೇ ಇರಲಿಲ್ಲ. "ದುರ್ಗ ದುರ್ಗ ದುರ್ಗ!" ಎಂದು ಅಲ್ಲಿ ಒಂದೇ ಸಮನೆ ಕೂಗುತ್ತಿದ್ದರು.

ಹುಲಿಯೂರುದುರ್ಗದಲ್ಲಿ ಇಳಿದು ಕದರಮ್ಮ ತಲೆಯೆತ್ತಿದಳು. ಊರಿನ ಬೆನ್ನಿಗೇ ಬೋಗುಣಿ ಬೋರಲು ಹಾಕಿದಂತೆ ಒಂದೇ ಬಂಡೆ ಎದ್ದು ನಿಂತಿತ್ತು. ಗುಂಡು ಎನ್ನುವುದು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಗುಂಡನ್ನು ಗುಂಡುಕಲ್ಲು ಎಂದವಳ ಬಾಯಿಗೆ ಮಣ್ಣು ಹಾಕಬೇಕು ಎಂದು ಅವಳಿಗೇ ಅನ್ನಿಸಿತು.

ಗಂಗಕ್ಕ ಬಸ್ ಸ್ಟಾಂಡಿನಲ್ಲಿರಲಿಲ್ಲ. ಫೋನ್ ಸ್ವಿಚ್ ಆಫ್. ಬಸ್ಸಿನಲ್ಲಿರುವಾಗ ಚಾರ್ಜು ದಂಡ ಎಂದು ಅವಳು ಯಾವಾಗಲೂ ಆಫ್ ಮಾಡಿಡುತ್ತಾಳೆ. ಆದರೆ ಅಮೃತೂರಿನಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ? ಕಾದಳು. ಒಂದು ಟೀ ಕುಡಿದು ಕಾದಳು, ಇನ್ನೊಂದು ಕುಡಿದು ಕಾದಳು. ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ಇಣುಕಿದಳು. ಕರೆಸಿ ಕೈ ಕೊಟ್ಟಳೋ? ಗುಂಡುಕಲ್ಲಿನ ಮುಂದೆ ನಿಲ್ಲಿಸಿ ಮಾನ ಕಳೆಯಬೇಕೆಂದೇ ಕರೆದಳೋ? ಮರುಗಳಿಗೆಯೇ, ಪಾಪ, ಮಂಡಿನೋವು ಜಾಸ್ತಿಯಾಯಿತೋ ಏನೋ ಎನ್ನಿಸಿತು. ಕೋಟೆ ಬಾಗಿಲಲ್ಲಿ ಸಿಗುತ್ತೇನೆ ಎಂದಿದ್ದಳಲ್ಲ, ಮೇಲೆಯೇ ಹೋಗಿ ಕೂತಿದ್ದಾಳೇನೋ. ಕದರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಲು ಶುರುಮಾಡಿದಳು.

ಪೊದೆಯ ನಡುವೆ ಕಲ್ಲಿನ ದಾರಿ. ಅಲ್ಲಲ್ಲಿ ಸವೆದ ಮೆಟ್ಟಿಲು, ಅಲ್ಲಲ್ಲಿ ಅದೂ ಇಲ್ಲ. ಕೂತು ಎದ್ದು, ಎದ್ದು ಕೂತು, ಪುಳಿಯೋಗರೆ ಡಬ್ಬಿಗೂ ಮಂಡಿಗೂ ಸಮಾಧಾನ ಹೇಳುತ್ತ, ಮುರಿದ ಕೋಟೆಗೋಡೆಯೊಂದರ ಹತ್ತಿರ ಬಂದಳು. ತುದಿ ಇನ್ನೂ ಮೇಲಿತ್ತು. ಅಲ್ಲಿಗೆ ಬಂಡೆ ನುಣ್ಣಗೆ ನೆಟ್ಟಗೆ ಏರಿತ್ತು, ಅದು ತನ್ನ ಕೈಲಾಗದ್ದು ಎಂದು ಒಪ್ಪಿಕೊಂಡು ಗೋಡೆಗೆ ಒರಗಿದಳು. ಗಂಗಕ್ಕ ಇಲ್ಲಿಯೂ ಇಲ್ಲ. ಹುಲ್ಲು ಕೊಯ್ಯುವ ಒಬ್ಬ ಹೆಂಗಸು ಕೆಳಗಿನ ಇಳಿಜಾರಿನ ಬಾರೆಯಲ್ಲಿ ಬಗ್ಗಿದ್ದಳು, ಅಷ್ಟೇ.

ಆದರೆ ನೋಟ! ಕಣ್ಣು ಹೋದಷ್ಟು ದೂರ ತೆಂಗು. ನಡುನಡುವೆ ಕೊಯ್ಲಿಗೆ ಬಂದ ರಾಗಿಹೊಲದ ಕಂದು, ಕೆರೆಯ ಬಿಳುಪು, ಎದುರಿಗೆ ಇನ್ನೊಂದು ಬೆಟ್ಟ. ಕೆಳಗೆ ಊರಿನ ಹೆಂಚುಗಳು, ಆಟಿಕೆಯಂಥ ಬಸ್ಸು.

"ಅಮೃತೂರು ಯಾವ ಕಡೆ ತಾಯಿ?" ಎಂದು ಕೂಗಿ ಕೇಳಿದಳು. ಹುಲ್ಲಿನ ಹೆಂಗಸು ಕುಡುಗೋಲಿನಿಂದಲೇ ತೋರಿಸಿದಳು. ಕದರಮ್ಮ ಆ ಕಡೆಗೆ ನೋಡುತ್ತ ನಿಂತಳು. ಆಗ ಫೋನು ಬಂತು.

"ಎಲ್ಲಿದ್ದೀಯೇ ಕದರವ್ವ! ಎಷ್ಟೊತ್ತಿಂದ ಕಾಯ್ಲಿ ನಾನು?"

ಹೋದ ಜೀವ ಬಂದಂತಾಯಿತು, ಜೊತೆಗೇ ಕೋಪವೂ ಬಂತು. "ನಾನ್ ಕಾಯ್ತಾ ಇರೋದು! ದುರ್ಗದಲ್ಲಿ!"

"ನಾನೂ ದುರ್ಗದಾಗೇ ಅವ್ನಿ. ಕೋಟೆ ಬಾಗ್ಲಾಗೆ."

"ನಾನೂ ಕೋಟೆ ಹತ್ರಾನೇ ಇದೀನಿ. ಕಾಣಲ್ವಲ್ಲ ನೀನು. ಕೈ ಎತ್ತು."

"ಎತ್ತಿದೀನಿ. ನೀನೆತ್ತು."

"ನಾನೂ ಎತ್ತಿದೀನಿ ಕಣೆ."

"ಕಾಣಾಕಿಲ್ವಲ್ಲೇ. ಸೆರಗು ಬೀಸು."

ಕದರಮ್ಮ ಸೊಂಟದಿಂದ ಸೆರಗು ಬಿಡಿಸಿ ಜೋರಾಗಿ ಬೀಸಿದಳು. ಕೆಳಗಿದ್ದ ಹುಲ್ಲಿನ ಹೆಂಗಸು ಏನೋ ಎಂತೋ ಎಂದು ತಾನೂ ಕುಡುಗೋಲು ಬೀಸಿದಳು.

"ಈ ಜನದಾಗೆ ಎಲ್ಲಿ ಹುಡುಕ್ಲವ್ವ ನಿನ್ನ," ಎಂದು ಗಂಗಕ್ಕ ಗೊಣಗಿದಳು. "ಸ್ಕೂಲ್ ಮಕ್ಳೇ ಒಂದ್ ರಾಶಿ ಅವ್ರೆ. ಗೈಡು, ಫೋಟೋದವ್ನು, ಸೌತೆಕಾಯಿಯವ್ನು..."

ಕದರಮ್ಮ ಸುತ್ತ ನೋಡಿದಳು. ಸೌತೆಕಾಯಿಯವನಿರಲಿ, ಒಂದು ಓತಿಕ್ಯಾತವೂ ಇರಲಿಲ್ಲ. ಬೀಸುತ್ತಿದ್ದ ಕೈ ತಾನಾಗಿ ಕೆಳಗೆ ಬಂತು. ಮೂರು ದಿನದಿಂದ ನುಂಗಿಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂತು. ಕೇಳಿದರೆ ಏನಾಗುತ್ತದೋ ಎಂದು ಭಯವೇ ಆಯಿತು. ಕೇಳಿದಳು.

"ಗಂಗಕ್ಕ, ಯಾವ ದುರ್ಗದಲ್ಲಿದ್ದೀಯ?"

ಆ ಕಡೆ ಮಕ್ಕಳ ಗಲಾಟೆಯ ನಡುವೆ ಒಂದು ಸಣ್ಣ ದನಿ. "ನಿನ್ ದುರ್ಗದಾಗೆ ಕಣವ್ವ."

ಕದರಮ್ಮ ಕಲ್ಲಿನ ಮೇಲೆ ಕೂತುಬಿಟ್ಟಳು.

"ನೀನೆಲ್ಲಿದ್ದೀಯ?" ಎಂದು ಗಂಗಕ್ಕ ಕೇಳಿದಳು.

"ನಿನ್ ದುರ್ಗದಲ್ಲಿ."

ಮೊದಲು ನಕ್ಕವರು ಯಾರು ಎಂದು ಆಮೇಲೆ ಬಹಳ ಚರ್ಚೆಯಾಯಿತು. ಕದರಮ್ಮ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಬರುತ್ತಿತ್ತು, ಅದು ಬರೀ ನಗುವಿನದಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಗಕ್ಕ ಕೋಳಿ ಕೂಗುವ ಮೊದಲೇ ಮನೆ ಬಿಟ್ಟಿದ್ದಳಂತೆ. ತುಮಕೂರಿನ ಬಸ್ ಸ್ಟಾಂಡಿನಲ್ಲೇ ಬಸ್ಸು ಬದಲಾಯಿಸಿದಳಂತೆ. ಕಂಡಕ್ಟರು ಈಗ ತಾನೇ ಹೋಯಿತು ಎಂದನಲ್ಲ, ಆ ಬಸ್ಸಿನಲ್ಲಿ ಗಂಗಕ್ಕ ಇದ್ದಳು.

"ಎಷ್ಟು ದೂರ ಕಣವ್ವ ನಿನ್ ದುರ್ಗ! ನನ್ ಸೊಂಟ ಬಿದ್ದೋಯ್ತು. ನೀನ್ ಅಷ್ಟು ಹೊಗಳ್ತಿದ್ದೆ, ಇರ್ಲಿ, ನಿನ್ ಮಾತೇ ಗೆಲ್ಲಲಿ ಅಂತ ಬಂದೆ."

"ನಾನೂ ಹಂಗೇ ಬಂದಿದ್ದು. ಈಗ ಬಂದಿದ್ದೀಯಲ್ಲ, ಚೆನ್ನಾಗಿ ನೋಡ್ಕೊಂಡು ಬಾ. ಕಿಂಡಿ ನೋಡು, ಉಯ್ಯಾಲೆ ಕಂಬ ನೋಡು. ಸಂಜೆ ತುಮಕೂರಲ್ಲಿ ಇಳಿ, ನಮ್ಮನೇಲೇ ಇರು."

ಸಂಜೆ ಕದರಮ್ಮ ಬಸ್ ಸ್ಟಾಂಡಿನಲ್ಲಿ ಕಾದಿದ್ದಳು. ಗಂಗಕ್ಕ ಒಂದೊಂದೇ ಮೆಟ್ಟಿಲು ಇಳಿದಳು. ಕ್ಷಮಿಸು ಎಂದು ಯಾರೂ ಅನ್ನಲಿಲ್ಲ. ಕದರಮ್ಮ ಅವಳ ಬ್ಯಾಗು ಕಿತ್ತುಕೊಂಡಳು, ಗಂಗಕ್ಕ ಪುಳಿಯೋಗರೆ ಡಬ್ಬಿ ಕಿತ್ತುಕೊಂಡು ಆಟೋದಲ್ಲೇ ಮುಚ್ಚಳ ತೆಗೆದಳು.

"ನಿಮ್ ಬೆಟ್ಟದ ಮೇಲಿಂದ ನಿಮ್ಮೂರ ಕಡೆ ನೋಡಿದ್ರೆ ಬರೀ ತೆಂಗು, ಸಮುದ್ರ ಇದ್ದಂಗೆ," ಎಂದಳು ಕದರಮ್ಮ. "ನಿಂಗೆ ಹೇಳೋದೇನು, ಎಷ್ಟು ಸಲ ಹತ್ತಿದ್ದೀಯೋ."

ಗಂಗಕ್ಕನ ಕೈ ಡಬ್ಬಿಯಲ್ಲೇ ನಿಂತಿತು. "ಒಂದ್ಸಲಾನೂ ಹತ್ತಿಲ್ಲ ಕಣವ್ವ. ನಮ್ಮೂರ ಬೆಟ್ಟ, ಎಲ್ಲೋಯ್ತದೆ, ಇವತ್ತಲ್ಲ ನಾಳೆ ಅಂತ ಕೆಳಗಿಂದ್ಲೇ ನೋಡ್ಕೊಂಡು ಇಷ್ಟು ವಯಸ್ಸಾಯ್ತು. ನೀನಾದ್ರೆ ಚಿಕ್ಕೋಳಿದ್ದಾಗ್ಲಿಂದ ನಿನ್ ದುರ್ಗ ಸುತ್ತಿದೋಳು."

"ಯಾರಂದಿದ್ದು?" ಎಂದಳು ಕದರಮ್ಮ. "ನಾನು ದುರ್ಗದ ದಿಕ್ಕಿಗೂ ಹೋಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಟೋ ಮರಳೂರು ತಲುಪುವವರೆಗೆ ಇಬ್ಬರೂ ಒಟ್ಟಿಗೇ ಮಾತಾಡಿದರು. ಗಂಗಕ್ಕ ಏಳು ಸುತ್ತನ್ನು ಕೈಬೆರಳಲ್ಲಿ ಸುತ್ತಿ ತೋರಿಸಿದಳು, ಕದರಮ್ಮ ಬಂಡೆಯ ಬೆನ್ನನ್ನು ಗಾಳಿಯಲ್ಲಿ ಸವರಿ ತೋರಿಸಿದಳು. ಡ್ರೈವರು ಕನ್ನಡಿಯಲ್ಲಿ ನೋಡಿ ನೋಡಿ ಒಂದು ತಿರುವು ತಪ್ಪಿಸಿದ.

ಓಬಳಯ್ಯ ಜಗಲಿಯ ಕುರ್ಚಿಯಿಂದ ಎದ್ದೇ ನಿಂತ, ಅದೇ ದೊಡ್ಡದು. "ಬಾ ತಾಯಿ ಬಾ. ಅಂತೂ ಇಬ್ರೂ ರಾಜಿಯಾಗಿ ನಿಮ್ ನಿಮ್ ದುರ್ಗ ನೋಡ್ಕೊಂಡು ಬಂದ್ರಿ ಅನ್ನಿ."

"ಇಲ್ಲ," ಎಂದರು ಇಬ್ಬರೂ ಒಂದೇ ಉಸಿರಿನಲ್ಲಿ, ಚಪ್ಪಲಿ ಬಿಡುತ್ತ. "ಅದಿನ್ನೂ ನೋಡ್ಬೇಕು."